ಗಾಜಿನ ಮೇಲೆ ಕಟ್ಟಿದ ಕೋಟೆ

ಭಯಾನಕ ಚಿತ್ರಗಳ ನಟ ಬೋರಿಸ್ ಕಾರ್ಲಾಫ್ ಕುದುರೆಯ ಮೇಲೆ ಕೂತು ರಾತ್ರಿಯ ಕಾಡಿನಲ್ಲಿ ಓಡುತ್ತಿದ್ದಾನೆ. ಮರಗಳು ಎಡಬಲದಲ್ಲಿ ಸರ್ರನೆ ಹಿಂದಕ್ಕೆ ಸರಿಯುತ್ತಿವೆ. ಓಡುತ್ತಲೇ ನಮ್ಮತ್ತ ತಿರುಗಿ, ಮನೆಗೆ ಹೋಗುವಾಗ ಹುಷಾರು ಎಂಬ ಧಾಟಿಯಲ್ಲಿ ಎರಡು ತಮಾಷೆಯ ಮಾತಾಡುತ್ತಾನೆ. ಮಾತು ಮುಗಿಯಿತು ಎನ್ನುವಾಗ ಕ್ಯಾಮೆರಾ ಹಿಂದೆ ಸರಿಯುತ್ತದೆ. ನೋಡಿದರೆ ಕುದುರೆ ಬರೀ ಬೊಂಬೆ, ಇದ್ದಲ್ಲೇ ಕುಲುಕಾಡುತ್ತಿದೆ. ಅದರ ಸುತ್ತ ಸೆಟ್ಟಿನ ಹುಡುಗರು ಒಂದೊಂದು ಕೊಂಬೆ ಹಿಡಿದು ಗಿರಗಿರನೆ ಸುತ್ತುತ್ತಿದ್ದಾರೆ. ಕೊಂಬೆ ಲೆನ್ಸಿನ ಮುಂದೆ ಹಾದುಹೋಗುತ್ತದೆ, ಅದನ್ನು ಹಿಡಿದ ಹುಡುಗ ಓಡಿ ಹಿಂದಿನಿಂದ ಬಂದು ಮತ್ತೆ ಸಾಲು ಸೇರುತ್ತಾನೆ. ಇಡೀ ಕಾಡು ಅಷ್ಟೇ.

ಇದು 1963ರ 'ಇ ತ್ರೆ ವೋಲ್ತಿ ದೆಲ್ಲಾ ಪೌರಾ', ಅಂದರೆ 'ಭಯದ ಮೂರು ಮುಖ' ಎಂಬ ಚಿತ್ರದ ಕೊನೆ. ಇಂಗ್ಲಿಷಿನಲ್ಲಿ ಅದಕ್ಕೆ 'ಬ್ಲ್ಯಾಕ್ ಸಬ್ಬತ್' ಎಂದು ಹೆಸರಿಟ್ಟರು. ಬರ್ಮಿಂಗ್‌ಹ್ಯಾಮಿನ ನಾಲ್ಕು ಹುಡುಗರ ಬ್ಯಾಂಡು ತನ್ನ ಹೆಸರನ್ನು ಎತ್ತಿಕೊಂಡದ್ದು ಅಲ್ಲಿಂದಲೇ. ಅಮೆರಿಕದ ವಿತರಕರು ಈ ಕೊನೆಯ ದೃಶ್ಯವನ್ನು ಕತ್ತರಿಸಿ ಹಾಕಿದರು. ಹೆದರಿಸಿದ ಮೇಲೆ ನಗಿಸಬಾರದು ಎಂಬ ಲೆಕ್ಕವಿರಬೇಕು. ಆದರೆ ಇಟಲಿಯ ನಿರ್ದೇಶಕ ಮಾರಿಯೋ ಬಾವಾನ ಬಗ್ಗೆ ಬರೆಯಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ.

ಬಾವಾ ಎಂದರೆ ಕನ್ನಡದ ಕಿವಿಗೆ ನೆಂಟನ ಹಾಗೆ ಕೇಳಿಸುತ್ತದೆ. ಇಟಾಲಿಯನ್ ಭಾಷೆಯಲ್ಲಿ ಅದಕ್ಕೆ ಜೊಲ್ಲು, ನೊರೆ ಎಂಬರ್ಥ. ಇಂಗ್ಲಿಷ್ ಹೆಸರಿದ್ದರೆ ಚಿತ್ರ ಹೆಚ್ಚು ಓಡುತ್ತದೆಂದು ಇಟಲಿಯವರು ನಂಬಿದ್ದ ಕಾಲದಲ್ಲಿ ಆತ ಒಂದು ಚಿತ್ರಕ್ಕೆ 'ಜಾನ್ ಫೋಮ್' ಎಂದು ಸಹಿ ಹಾಕಿದ. ತನ್ನ ಹೆಸರನ್ನೇ ಅನುವಾದಿಸಿ ಮಾಡಿದ ಗೇಲಿ ಅದು.

ಅವನ ಬಗ್ಗೆ ಎಲ್ಲರೂ ಹೇಳುವ ಮಾತೆಂದರೆ, ಬಿಡಿಗಾಸಿನಲ್ಲಿ ಸಿನಿಮಾ ಮಾಡಿದ ಜಾಣ ಎನ್ನುವುದು. ಮಾತು ಸುಳ್ಳಲ್ಲ, ಆದರೆ ಅಷ್ಟೇ ಹೇಳಿದರೆ ಗುಟ್ಟು ಕೈಜಾರುತ್ತದೆ. ದುಡ್ಡಿಲ್ಲದವರು ಆಗ ರೋಮಿನಲ್ಲಿ ಬೀದಿಗೊಬ್ಬರಿದ್ದರು. ಬಾವಾನ ಬಳಿ ಇದ್ದದ್ದು ಒಂದು ತಿಳಿವಳಿಕೆ: ಮನುಷ್ಯನಿಗೆ ಎರಡು ಕಣ್ಣು, ಲೆನ್ಸಿಗೆ ಒಂದೇ. ಒಂದು ಕಣ್ಣಿಗೆ ಹತ್ತಿರದ ಚಿಕ್ಕದು, ದೂರದ ದೊಡ್ಡದು ಎರಡೂ ಒಂದೇ. ಅವನ ಕಾಡು, ಕೋಟೆ, ಅನ್ಯಗ್ರಹ ಎಲ್ಲವೂ ಈ ಒಂದು ವಾಕ್ಯದಿಂದ ಹುಟ್ಟಿದವು.

ಆ ತಿಳಿವಳಿಕೆ ಬಂದದ್ದು ಅಪ್ಪನಿಂದ. ಯೂಜೀನಿಯೋ ಬಾವಾ ಮೂಲತಃ ಶಿಲ್ಪಿ. ಮೂಕಿಚಿತ್ರಗಳ ಕಾಲದಲ್ಲಿ ಕ್ಯಾಮೆರಾ ಹಿಡಿದು, ಟ್ರಿಕ್ ಶಾಟುಗಳಲ್ಲಿ ಕೈ ಪಳಗಿಸಿಕೊಂಡು, ಮುಂದೆ ಸರ್ಕಾರಿ ಚಿತ್ರಸಂಸ್ಥೆ ಇಸ್ತಿತೂತೋ ಲೂಚೆಯಲ್ಲಿ ಟ್ರಿಕ್ ವಿಭಾಗ ನೋಡಿಕೊಂಡ. ಮಗ ಮಾರಿಯೋ ಹುಟ್ಟಿದ್ದು 1914ರ ಜುಲೈ 31ರಂದು, ಲಿಗೂರಿಯಾ ಕರಾವಳಿಯ ಸಾನ್‌ರೆಮೋದಲ್ಲಿ. ಚಿತ್ರಕಾರನಾಗಬೇಕೆಂಬ ಆಸೆ ಇತ್ತು, ಹೊಟ್ಟೆಪಾಡು ಬಿಡಲಿಲ್ಲ. ಅಪ್ಪನ ಕೈಕೆಳಗೆ ಚಿತ್ರಗಳ ಶೀರ್ಷಿಕೆ ಬರೆಯುವುದರಿಂದ ಶುರುಮಾಡಿ, ಸಹಾಯಕನಾಗಿ, 1939ರಲ್ಲಿ ನಿರ್ದೇಶಕ ರೋಸೆಲ್ಲೀನಿಯ ಕಿರುಚಿತ್ರಗಳಿಗೆ ಕ್ಯಾಮೆರಾ ಹಿಡಿದ. ಆಮೇಲೆ ಇಪ್ಪತ್ತು ವರ್ಷ ಬೇರೆಯವರ ಚಿತ್ರಗಳ ಛಾಯಾಗ್ರಾಹಕ. ಸ್ಟೆನೋ ಮತ್ತು ಮೊನಿಚೆಲ್ಲಿ ಜೋಡಿಯ 'ಗ್ವಾರ್ದಿಯೆ ಎ ಲಾದ್ರಿ'ಯಂಥ ಹಾಸ್ಯಚಿತ್ರಕ್ಕೂ ಬೆಳಕು ಕೊಟ್ಟವನು ಅವನೇ. ನಿರ್ದೇಶಕನಾಗಿ ಹೆಸರು ಪರದೆಯ ಮೇಲೆ ಬಂದಾಗ ವಯಸ್ಸು 46.

ಆ ಹೆಸರು ಬಂದದ್ದೂ ಬೇರೆಯವರು ಅರ್ಧಕ್ಕೆ ಬಿಟ್ಟು ಹೋದದ್ದನ್ನು ಎತ್ತಿಕೊಂಡು ಮುಗಿಸಿದ್ದರಿಂದ. 1957ರ 'ಇ ವಂಪೀರಿ' ಇಟಲಿಯ ಮೊದಲ ಮಾತಿನ ಭಯಾನಕ ಚಿತ್ರ. ನಿರ್ದೇಶಕ ರಿಕಾರ್ಡೋ ಫ್ರೆದಾ ಸುಮಾರು ಹನ್ನೆರಡು ದಿನಗಳ ಶೂಟಿಂಗ್ ಒಪ್ಪಿಕೊಂಡು, ನಿರ್ಮಾಪಕರೊಡನೆ ಜಗಳವಾಡಿ ಎದ್ದು ಹೋದ. ಉಳಿದ ಎರಡು ದಿನದಲ್ಲಿ ಚಿತ್ರ ಮುಗಿಸಿದವನು ಕ್ಯಾಮೆರಾಮನ್ ಬಾವಾ. ಈ ಚಿತ್ರದಲ್ಲಿ ನಟಿ ಜಿಯಾನಾ ಮರಿಯಾ ಕನಾಲೆ ಒಂದೇ ಶಾಟಿನಲ್ಲಿ, ಕಟ್ ಇಲ್ಲದೆ, ನೋಡನೋಡುತ್ತ ಮುದುಕಿಯಾಗುತ್ತಾಳೆ. ಈ ತಂತ್ರ ಬಾವಾನ ಆವಿಷ್ಕಾರವಲ್ಲ. 1931ರ ಹಾಲಿವುಡ್ 'ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್' ಚಿತ್ರದಲ್ಲಿ ಕಾರ್ಲ್ ಸ್ಟ್ರಸ್ ಇದನ್ನೇ ಮಾಡಿದ್ದ. ಆದರೆ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ನೋಡಬೇಕಾದದ್ದೇ.

ಕಪ್ಪುಬಿಳುಪು ಫಿಲ್ಮಿಗೆ ಬಣ್ಣ ಗೊತ್ತಿಲ್ಲ, ಎಷ್ಟು ಬೆಳಕು ಬಿತ್ತು ಎಂಬುದಷ್ಟೇ ಗೊತ್ತು. ನಟಿಯ ಮುಖದ ಮೇಲೆ ಸುಕ್ಕು, ಕಣ್ಣಿನ ಕೆಳಗಿನ ಕುಳಿ, ಬಾಯಿಯ ಬದಿಯ ಗೆರೆ ಎಲ್ಲವನ್ನೂ ಕೆಂಪು ಬಣ್ಣದಲ್ಲಿ ಬಿಡಿಸುತ್ತಾರೆ. ಕೆಂಪು ಬೆಳಕು ಹಾಕಿದರೆ ಚರ್ಮವೂ ಕೆಂಪನ್ನು ಹಿಂದಕ್ಕೆ ಚೆಲ್ಲುತ್ತದೆ, ಗೆರೆಯೂ ಚೆಲ್ಲುತ್ತದೆ; ಫಿಲ್ಮಿಗೆ ಎರಡೂ ಒಂದೇ ಬಿಳುಪು. ಸುಕ್ಕು ಕಾಣುವುದಿಲ್ಲ. ಕೆಂಪನ್ನು ನಿಧಾನ ತೆಗೆದು ಹಸಿರು ತಂದರೆ ಚರ್ಮ ಒಂದಿಷ್ಟು ಹಸಿರನ್ನು ಚೆಲ್ಲುತ್ತದೆ, ಕೆಂಪು ಗೆರೆ ಅದನ್ನು ನುಂಗಿಬಿಡುತ್ತದೆ. ಗೆರೆ ಕಪ್ಪಾಗಿ ಮೇಲೇಳುತ್ತದೆ. ಅರ್ಧ ಕೆಂಪು ಅರ್ಧ ಹಸಿರಿನ ಉದ್ದನೆಯ ಜೆಲಟಿನ್ ಪಟ್ಟಿಯನ್ನು, ಅಂದರೆ ಬಣ್ಣದ ಪಾರದರ್ಶಕ ಹಾಳೆಯನ್ನು, ಲೆನ್ಸಿನ ಮುಂದೆ ಜಾರಿಸಬಹುದು, ಇಲ್ಲವೇ ಎರಡು ಬಣ್ಣದ ಎರಡು ಸಾಲು ದೀಪವಿಟ್ಟು ಡಿಮ್ಮರಿನಲ್ಲಿ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಬಹುದು.

ಕೆಡುವುದು ಎಲ್ಲೆಂದರೆ, ಕಡುಗೆಂಪು ಫಿಲ್ಟರ್ ಸುಮಾರು ಮೂರು ಸ್ಟಾಪ್ ಬೆಳಕು ತಿನ್ನುತ್ತದೆ; ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುವುದರಿಂದ ಎಂಟು ಪಾಲಿನಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಹಸಿರು ತಿನ್ನುವ ಪ್ರಮಾಣ ಬೇರೆ. ಎರಡನ್ನೂ ಸರಿದೂಗಿಸದೆ ಜಾರಿಸಿದರೆ ಮುಖದ ಜೊತೆ ಹಿಂದಿನ ಗೋಡೆಯೂ ಬೆಳ್ಳಗಾಗಿ ಕಪ್ಪಾಗಿ, ಟ್ರಿಕ್ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ನಟಿಯ ತುಟಿಗೆ ಮಾಮೂಲಿ ಲಿಪ್‌ಸ್ಟಿಕ್ ಇದ್ದರೆ ಕೆಂಪು ಬೆಳಕಿನಲ್ಲಿ ತುಟಿಯೇ ಮಾಯ. ನೀಲಿ ಸೀರೆಯೋ ಪರದೆಯೋ ಇದ್ದರೆ ಅದು ಉಲ್ಟಾ ದಿಕ್ಕಿನಲ್ಲಿ ಬದಲಾಗುತ್ತದೆ. ಆದ್ದರಿಂದ ಫ್ರೇಮಿನಲ್ಲಿ ಮುಖ ಬಿಟ್ಟು ಮಿಕ್ಕದ್ದೆಲ್ಲ ಬೂದು, ಕಪ್ಪು, ಬಿಳಿ ಇರಬೇಕು. ಇಷ್ಟೆಲ್ಲ ಹೊಂದಿಸಿ, ಕೊನೆಗೆ ನಟಿ ತಲೆ ಅಲ್ಲಾಡಿಸದೆ ಕಣ್ಣಲ್ಲೇ ನಟಿಸಬೇಕು.

'ಇ ವಂಪೀರಿ' ಇಟಲಿಯಲ್ಲಿ ಓಡಲಿಲ್ಲ. ಎರಡು ವರ್ಷದ ಮೇಲೆ ಫ್ರೆದಾ ಇನ್ನೊಂದು ಚಿತ್ರವನ್ನು, 'ಕಾಲ್ತಿಕಿ'ಯನ್ನು, ಮತ್ತೆ ಅರ್ಧಕ್ಕೆ ಬಿಟ್ಟ. ಜಾನ್ ಫೋಮ್ ಸಹಿ ಬಂದದ್ದು ಇದಕ್ಕೇ. ಇದರ ರಾಕ್ಷಸ ಒಂದು ಮುದ್ದೆ, ಆಕಾರವಿಲ್ಲದೆ ತೆವಳುವ ಮಾಂಸ. ಬಾವಾ ಅದನ್ನು ಮಾಡಿದ್ದು ಟ್ರಿಪ್ಪಾದಿಂದ, ಅಂದರೆ ದನದ ಹೊಟ್ಟೆಚೀಲದಿಂದ. ನಮ್ಮ ಮಾಂಸದಂಗಡಿಯ ಬೋಟಿಯ ದೊಡ್ಡಣ್ಣ ಎನ್ನಿ. ಮಡಿಕೆ, ನೆರಿಗೆ, ಒದ್ದೆ ಹೊಳಪು ಎಲ್ಲ ತಾನಾಗಿಯೇ ಇರುವ ವಸ್ತು. ರಬ್ಬರಿನಲ್ಲಿ ಅದನ್ನು ಎರಕ ಹೊಯ್ಯಲು ವಾರಗಳು ಬೇಕು. ಶೂಟಿಂಗ್ ದೀಪದ ಶಾಖದಲ್ಲಿ ಅದು ಎಷ್ಟು ಹೊತ್ತು ತಾಳುತ್ತದೆ, ಆಮೇಲೆ ಸ್ಟುಡಿಯೋ ಹೇಗೆ ನಾರುತ್ತದೆ ಎಂದು ವಿವರಿಸಬೇಕಿಲ್ಲ.

ಮುದ್ದೆಯನ್ನು ಪುಟ್ಟ ಮನೆಗಳ ನಡುವೆ ತೆವಳಿಸಿದರೆ ಸಾಲದು, ಅದು ಭಾರವಾಗಿ ಕಾಣಬೇಕು. ಅದಕ್ಕೆ ಶೂಟಿಂಗ್ ಮಾಡುವಾಗ ಫಿಲ್ಮನ್ನು ವೇಗವಾಗಿ ಓಡಿಸುತ್ತಾರೆ, ಪರದೆಯ ಮೇಲೆ ಚಲನೆ ನಿಧಾನವಾಗಿ ಕಾಣುತ್ತದೆ. ಲೆಕ್ಕ ಸರಳ: ಮಾದರಿ ನಿಜದ ಹದಿನಾರನೇ ಒಂದು ಪಾಲಿದ್ದರೆ, ಹದಿನಾರರ ವರ್ಗಮೂಲ ನಾಲ್ಕು, ಹಾಗಾಗಿ ಸೆಕೆಂಡಿಗೆ 24ರ ಬದಲು 96 ಫ್ರೇಮು. ನಾಲ್ಕು ಪಟ್ಟು ವೇಗ ಎಂದರೆ ನಾಲ್ಕು ಪಟ್ಟು ಬೆಳಕು, ನಾಲ್ಕು ಪಟ್ಟು ಶಾಖ. ಕುಸಿಯುವ ಗೋಡೆಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ನೀರು ಮತ್ತು ಬೆಂಕಿಗೆ ಹೊಂದುವುದಿಲ್ಲ, ಏಕೆಂದರೆ ಹನಿಯ ಗಾತ್ರವನ್ನು, ಜ್ವಾಲೆಯ ತುದಿಯನ್ನು ಚಿಕ್ಕದು ಮಾಡಲು ಬರುವುದಿಲ್ಲ. ಹಳೆಯ ಚಿತ್ರಗಳಲ್ಲಿ ಪುಟ್ಟ ಹಡಗು ಸ್ನಾನದ ತೊಟ್ಟಿಯಲ್ಲಿ ತೇಲಿದಂತೆ ಕಾಣುವುದು ಇದೇ ಕಾರಣಕ್ಕೆ.

ಅದೇ 1959ರಲ್ಲಿ ಮ್ಯಾರಥಾನ್ ಯುದ್ಧದ ಚಿತ್ರವೊಂದನ್ನು ಜಾಕ್ ಟರ್ನರ್ ಪೂರ್ತಿ ಮಾಡದೆ ಬಿಟ್ಟಾಗ ಅದನ್ನೂ ಬಾವಾ ಮುಗಿಸಿಕೊಟ್ಟ. ಋಣ ತೀರಿಸಲು ನಿರ್ಮಾಣ ಸಂಸ್ಥೆ ಗಲತೇಯಾ, ನಿನಗಿಷ್ಟವಾದ ಕತೆ ಆರಿಸಿಕೋ ಎಂದಿತು. ಗೊಗೊಲ್‌ನ 'ವಿಯ್' ಕತೆಯನ್ನು ಸಡಿಲವಾಗಿ ಹಿಡಿದು ಮಾಡಿದ 'ಲಾ ಮಾಸ್ಕೆರಾ ದೆಲ್ ದೆಮೋನಿಯೋ' 1960ರ ಆಗಸ್ಟಿನಲ್ಲಿ ಬಂತು. ಒಳಗೆ ಮೊಳೆಗಳಿರುವ ಕಂಚಿನ ಮುಖವಾಡವನ್ನು ಮಾಟಗಾತಿಯ ಮುಖಕ್ಕೆ ಸುತ್ತಿಗೆಯಿಂದ ಬಡಿಯುವುದು ಅದರ ಮೊದಲ ದೃಶ್ಯ. ಆ ಮುಖವಾಡ ಕೆತ್ತಿದವನು ಎಪ್ಪತ್ತು ದಾಟಿದ್ದ ಅಪ್ಪ ಯೂಜೀನಿಯೋ. ಬಾರ್ಬರಾ ಸ್ಟೀಲ್ ಎಂಬ ಇಂಗ್ಲಿಷ್ ಹುಡುಗಿ ಮಾಟಗಾತಿ ಮತ್ತು ಅವಳ ವಂಶದ ಕನ್ಯೆ ಎರಡೂ ಪಾತ್ರ ಮಾಡಿದಳು; ಕೆಂಪು–ಹಸಿರಿನ ಮೇಕಪ್ ವಿದ್ಯೆ ಇಲ್ಲೂ ಕೆಲಸಕ್ಕೆ ಬಂತು. ಬ್ರಿಟನ್ನಿನ ಸೆನ್ಸಾರಿನವರು 1968ರವರೆಗೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಮೆರಿಕದಲ್ಲಿ ಮಾತ್ರ ಚಿತ್ರ ಚೆನ್ನಾಗಿ ಓಡಿತು.

ಮುಂದಿನದು ಬಹುಪಾಲು ಬಣ್ಣದ ಕಾಲ. ಬಣ್ಣದ ಫಿಲ್ಮಿನಲ್ಲಿ ಫಿಲ್ಟರ್ ಜಾರಿಸಿದರೆ ಮುಖವೇ ಕೆಂಪಿನಿಂದ ಹಸಿರಾಗುತ್ತದೆ, ಹಾಗಾಗಿ ಆ ಹಳೆಯ ವಿದ್ಯೆ ಒಂದೇ ಏಟಿಗೆ ಸತ್ತಿತು. ಬಾವಾ ಅದಕ್ಕೆ ಅಳುತ್ತ ಕೂರಲಿಲ್ಲ. ಮರೆಯಲ್ಲಿದ್ದ ಬಣ್ಣದ ದೀಪವನ್ನು ಎದುರಿಗೇ ತಂದಿಟ್ಟ. ಫ್ಯಾಷನ್ ಅಂಗಡಿಯೊಂದರಲ್ಲಿ ಮಾಡೆಲುಗಳು ಒಬ್ಬೊಬ್ಬರಾಗಿ ಕೊಲೆಯಾಗುವ 1964ರ 'ಸೇಯಿ ದೊನ್ನೆ ಪೆರ್ ಲಸ್ಸಸ್ಸೀನೋ'ದಲ್ಲಿ ಗೋಡೆ ನೇರಳೆ, ಮೂಲೆ ಹಸಿರು, ಪರದೆ ಕೆಂಪು. ಆ ಹಸಿರು ಎಲ್ಲಿಂದ ಬಂತು ಎಂದು ಕೇಳುವಂತಿಲ್ಲ. 

ಹೀಗೆ ಬೆಳಕು ಮಾಡುವುದು ಜೆಲಟಿನ್ ಹಾಳೆ ಕಟ್ಟಿದಷ್ಟು ಸುಲಭವಲ್ಲ. ಆಗಿನ ಈಸ್ಟ್‌ಮನ್ ಕಲರ್ ಫಿಲ್ಮಿನ ವೇಗ, ಅಂದರೆ ಬೆಳಕು ಹಿಡಿಯುವ ಶಕ್ತಿ, 50 ಏಎಸ್ಎ, ಇಂದಿನ ಲೆಕ್ಕಕ್ಕೆ ಕುರುಡು. ಟಂಗ್‌ಸ್ಟನ್ ದೀಪದಲ್ಲಿ ನೀಲಿ ಮೊದಲೇ ಕಡಿಮೆ, ಅದರ ಮುಂದೆ ಕಡುನೀಲಿ ಹಾಳೆ ಹಿಡಿದರೆ ನೂರರಲ್ಲಿ ಕೆಲವೇ ಪಾಲು ಬೆಳಕು ಹೊರಗೆ ಬರುತ್ತದೆ. ದೊಡ್ಡ ದೀಪ ಬೇಕು, ಇಲ್ಲವೇ ದೀಪ ಹತ್ತಿರ ಬರಬೇಕು. ಹತ್ತಿರ ತಂದರೆ ಹಾಳೆ ಸುಟ್ಟು ನಡುವೆ ಬಿಳಿಚಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಬಿಳಿ ಬೆಳಕು. ನಟಿಯ ಮುಖಕ್ಕೆ ಹಾಕಿದ ಬಿಳಿ ದೀಪದ ಸೋರಿಕೆ ಒಂದಿಷ್ಟು ಹಿಂದಿನ ಗೋಡೆಗೆ ತಗುಲಿದರೆ ನೇರಳೆ ಹೋಗಿ ತೊಳೆದ ಬಟ್ಟೆಯ ಬಣ್ಣವಾಗುತ್ತದೆ. ಮುಖದ ದೀಪವನ್ನು ಕಿರಿದು ಮಾಡಿ, ತಗಡಿನ ರೆಕ್ಕೆಯಿಂದ ಅಂಚು ಕತ್ತರಿಸಿ, ನಟರನ್ನು ಗೋಡೆಯಿಂದ ಎರಡು ಮೀಟರಾದರೂ ಮುಂದೆ ನಿಲ್ಲಿಸಬೇಕು.  ಇದೇ ಚಿತ್ರದಲ್ಲಿ ಕ್ಯಾಮೆರಾ ಬೊಂಬೆಗಳ ನಡುವೆ ಹಾವಿನಂತೆ ಹರಿದಾಡುತ್ತದಲ್ಲ, ಅದಕ್ಕೆ ಟ್ರಾಲಿಯಾಗಿದ್ದದ್ದು ಮಕ್ಕಳ ಆಟದ ಗಾಡಿ. ಚಿಕ್ಕ ಗಾಲಿ ಸಣ್ಣ ಬಿರುಕಿಗೂ ಕುಣಿಯುತ್ತದೆ, ಆದ್ದರಿಂದ ನಯವಾದ ನೆಲ ಬೇಕು, ಕುಲುಕನ್ನು ಮುಚ್ಚಿಡುವ ಅಗಲದ ಲೆನ್ಸೂ ಬೇಕು.

ಈಗ ಗಾಜಿಗೆ ಬರೋಣ. ಅವನ ಕೈಚಳಕದ ತಾಯಿಬೇರು ಇದೇ. ಕತೆಗೆ ಬೆಟ್ಟದ ಮೇಲಿನ ಕೋಟೆ ಬೇಕು, ಇರುವುದು ಬರೀ ದಿಬ್ಬ ಎಂದುಕೊಳ್ಳಿ. ಕ್ಯಾಮೆರಾವನ್ನು ಅಲ್ಲಾಡದಂತೆ ಬಿಗಿಯುತ್ತಾರೆ. ಒಂದೂವರೆ ಮೀಟರ್ ಮುಂದೆ ಚೌಕಟ್ಟಿನಲ್ಲಿ ದೊಡ್ಡ ಗಾಜು. ಒಬ್ಬ ವ್ಯೂಫೈಂಡರಿನಲ್ಲಿ ನೋಡುತ್ತ ಹೇಳಿದಂತೆ ಇನ್ನೊಬ್ಬ ಗಾಜಿನ ಮೇಲೆ ದಿಬ್ಬದ ಅಂಚನ್ನು ಗುರುತು ಹಾಕುತ್ತಾನೆ. ಆ ಗುರುತಿನ ಮೇಲೆ ಕೋಟೆಯನ್ನು ಬಿಡಿಸುತ್ತಾರೆ. ಬಾವಾ ಪತ್ರಿಕೆಗಳಿಂದ ಕತ್ತರಿಸಿದ ಫೋಟೋಗಳನ್ನೂ ಅಂಟಿಸುತ್ತಿದ್ದ. ಕೆಳಗೆ ಗಾಜು ಖಾಲಿ, ಅಲ್ಲಿ ನಿಜವಾದ ನಟರು ನಡೆಯುತ್ತಾರೆ. ಲೆನ್ಸಿನ ಒಂಟಿಕಣ್ಣಿಗೆ ಮೊಳದುದ್ದದ ಚಿತ್ರವೂ ನೂರು ಮೀಟರ್ ದೂರದ ದಿಬ್ಬವೂ ಒಂದೇ ಹಾಳೆಯ ಮೇಲಿವೆ.

ತೊಂದರೆ ಫೋಕಸ್ಸಿನದು. 28 ಮಿಲಿಮೀಟರ್ ಲೆನ್ಸಿನಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್ 11ಕ್ಕೆ ಮುಚ್ಚಿ, ಸುಮಾರು 2.85 ಮೀಟರಿಗೆ ಫೋಕಸ್ ಇಟ್ಟರೆ 1.4 ಮೀಟರಿನಿಂದ ಕ್ಷಿತಿಜದವರೆಗೆ ಎಲ್ಲ ಚೂಪು, ಗಾಜು ದಕ್ಕಿತು. ಅದೇ ಲೆನ್ಸನ್ನು ಎಫ್ 2.8ಕ್ಕೆ ತೆರೆದರೆ ಚೂಪು ಶುರುವಾಗುವುದೇ 5.6 ಮೀಟರಿನಿಂದ, ಕೋಟೆ ಮಂಜಾಗಿ ಹೋಗುತ್ತದೆ. ಎಫ್ 2.8ರಿಂದ 11ಕ್ಕೆ ನಾಲ್ಕು ಸ್ಟಾಪ್, ಅಂದರೆ ಹದಿನಾರು ಪಟ್ಟು ಬೆಳಕು. ಹಗಲಿನ ಹೊರಾಂಗಣದಲ್ಲಿ ಅದು ಪುಕ್ಕಟೆ, ಸ್ಟುಡಿಯೋದೊಳಗೆ ಅದಕ್ಕೆ ಕರೆಂಟಿನ ಬಿಲ್ಲು ಕಟ್ಟಬೇಕು. ಹೊರಗೆ ಬೇರೆ ಪೀಡೆ: ಕೋಟೆಯ ನೆರಳನ್ನು ಬೆಳಗ್ಗೆ ಹತ್ತರ ಬಿಸಿಲಿಗೆ ಹೊಂದಿಸಿ ಬಿಡಿಸಿದ್ದರೆ ಹತ್ತೂವರೆಗೆ ದಿಬ್ಬದ ನೆರಳು ಬೇರೆ ದಿಕ್ಕು ಹೇಳಲು ಶುರುಮಾಡುತ್ತದೆ. ಗಾಳಿಗೆ ಚೌಕಟ್ಟು ನಡುಗಿದರೆ ಕೋಟೆಗೆ ಭೂಕಂಪ. ಕ್ಯಾಮೆರಾದ ಹೊಳೆಯುವ ಭಾಗ ಗಾಜಿನಲ್ಲಿ ಕಾಣಬಾರದೆಂದು ಹಿಂದೆ ಕರಿಬಟ್ಟೆ ಕಟ್ಟಿ, ಲೆನ್ಸಿಗಷ್ಟೇ ತೂತು ಬಿಡಬೇಕು. ನಟನೊಬ್ಬ ಹುರುಪಿನಲ್ಲಿ ಕೈ ಎತ್ತಿದರೆ ಕೈ ಚಿತ್ರದ ಹಿಂದೆ ಹೋಗಿ ಮಾಯವಾಗುತ್ತದೆ. ಇಷ್ಟಾದರೂ ಇದಕ್ಕೊಂದು ದೊಡ್ಡ ಗುಣವಿದೆ. ಲ್ಯಾಬಿನಲ್ಲಿ ಎರಡು ಫಿಲ್ಮು ಸೇರಿಸುವ ಟ್ರಿಕ್ಕಿನಲ್ಲಿ ಪ್ರತಿ ಹಂತಕ್ಕೂ ಚಿತ್ರ ಮಂಕಾಗಿ ಚುಕ್ಕೆಚುಕ್ಕೆಯ ಒರಟುತನ ಹೆಚ್ಚುತ್ತದೆ. ಗಾಜಿನ ಕೋಟೆ ಮೂಲ ನೆಗೆಟಿವ್ ಮೇಲೇ ಅಚ್ಚಾಗುತ್ತದೆ. ಇವತ್ತಿಗೂ ಬಾವಾನ ಚಿತ್ರಗಳ ಹೊಸ ಪ್ರತಿಗಳು ಅಷ್ಟು ತಿಳಿಯಾಗಿ ಕಾಣುವುದಕ್ಕೆ ಒಂದು ಕಾರಣ ಇದು.

1968ರ 'ಡಯಾಬೊಲಿಕ್'ನಲ್ಲಿ ಕಳ್ಳನ ನೆಲಮಾಳಿಗೆಯ ಅರಮನೆ ಬಹುಪಾಲು ಹೀಗೆ ಗಾಜಿನ ಮೇಲೇ ಇತ್ತು.  ನಿರ್ಮಾಪಕ ದೀನೋ ದೆ ಲೌರೆಂತೀಸ್ 30 ಲಕ್ಷ ಡಾಲರ್ ಎತ್ತಿಟ್ಟಿದ್ದ, ಬಾವಾ 4 ಲಕ್ಷದಲ್ಲಿ ಮುಗಿಸಿದ ಎಂಬುದು ಎಲ್ಲರೂ ಹೇಳುವ ಲೆಕ್ಕ. ದುಡ್ಡು ಎದುರಿಗಿದ್ದೂ ಮುಟ್ಟಲಿಲ್ಲವೆಂದರೆ ಬಡತನದ ಕತೆ ಅಲ್ಲಿಗೆ ಮುಗಿಯಿತಲ್ಲ.

1965ರ 'ತೆರ್ರೋರೆ ನೆಲ್ಲೋ ಸ್ಪಾತ್ಸಿಯೋ' ಅನ್ಯಗ್ರಹದ ಚಿತ್ರ. ಬಾವಾನೇ ಹೇಳಿಕೊಂಡ ಪ್ರಕಾರ ಆ ಗ್ರಹದಲ್ಲಿದ್ದದ್ದು ಯಾವುದೋ ಪೌರಾಣಿಕ ಚಿತ್ರದಿಂದ ಉಳಿದ ಎರಡು ಪ್ಲಾಸ್ಟಿಕ್ ಬಂಡೆ. ಮಿಕ್ಕದ್ದು ಕನ್ನಡಿ ಮತ್ತು ಹೊಗೆ. ಹೊಗೆ ಮೂರು ಕೆಲಸ ಮಾಡುತ್ತದೆ. ಸ್ಟುಡಿಯೋದ ಹಲಗೆ ನೆಲವನ್ನು ಮುಚ್ಚುತ್ತದೆ. ಹಿಂದಿನ ಬಂಡೆಯನ್ನು ಮಸುಕು ಮಾಡಿ ದೂರ ಹುಟ್ಟಿಸುತ್ತದೆ, ನಾಲ್ಕು ಮೀಟರ್ ನಾನೂರಾಗುತ್ತದೆ. ಬಣ್ಣದ ದೀಪಕ್ಕೆ ಗಾಳಿಯಲ್ಲೇ ಕೂರಲು ಜಾಗ ಕೊಡುತ್ತದೆ. ಡ್ರೈ ಐಸ್ ಹೊಗೆ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡಿರುತ್ತದೆ. ಆದರೆ ದೀಪದ ಬಿಸಿಗೆ ಕೆಲವೇ ನಿಮಿಷದಲ್ಲಿ ಕರಗುತ್ತದೆ, ನಟರ ಓಡಾಟಕ್ಕೆ ಚದುರುತ್ತದೆ. ಒಂದು ಶಾಟಿನಲ್ಲಿ ಮೊಣಕಾಲುದ್ದ, ಮುಂದಿನದರಲ್ಲಿ ಹಿಮ್ಮಡಿಯಷ್ಟು ಇದ್ದರೆ ಎಡಿಟಿಂಗ್ ಟೇಬಲ್ಲಿನಲ್ಲಿ ಎರಡೂ ಕೂಡುವುದಿಲ್ಲ. ಕನ್ನಡಿಯದು ಇನ್ನೊಂದು ವಿದ್ಯೆ: ಕ್ಯಾಮೆರಾದ ಮುಂದೆ 45 ಡಿಗ್ರಿ ಓರೆಯಾಗಿ ಕನ್ನಡಿ ಇಟ್ಟು, ಬದಿಯಲ್ಲಿರುವ ಪುಟ್ಟ ಮಾದರಿಯನ್ನು ಪ್ರತಿಫಲಿಸಿ, ನಟರು ಕಾಣಬೇಕಾದ ಜಾಗದಲ್ಲಷ್ಟೇ ಹಿಂದಿನ ಬೆಳ್ಳಿಲೇಪ ಕೆರೆಯುವುದು. 'ಮೆಟ್ರೊಪೊಲಿಸ್' ಕಾಲದಿಂದ ಜರ್ಮನಿಯ ಶುಫ್ಟಾನ್ ಹೆಸರಿನಲ್ಲಿರುವ ತಂತ್ರ ಇದು. ಮಾದರಿಯನ್ನು ಎಡಬಲ ತಿರುಗಿಸಿ ಕಟ್ಟಬೇಕೆನ್ನುವುದನ್ನು ಮರೆತರೆ ಅಂತರಿಕ್ಷ ನೌಕೆಯ ಬಾಗಿಲು ಒಂದು ಶಾಟಿನಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ.

ಇಲ್ಲೊಂದು ಮಾತು ಸೇರಿಸಬೇಕು. ಆಗಿನ ಇಟಲಿಯಲ್ಲಿ ಮಾತೆಲ್ಲ ಶೂಟಿಂಗ್ ಆದಮೇಲೆ ಡಬ್ ಆಗುತ್ತಿತ್ತು. ಈ ಗ್ರಹದ ನಟರು ಸೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಭಾಷೆ ಆಡಿದರು. ಆಟದ ಗಾಡಿ ಕಿರ್ರೆನ್ನಬಹುದು, ಹೊಗೆಯ ಯಂತ್ರ ಭುಸುಗುಡಬಹುದು, ಕೊಂಬೆ ಹಿಡಿದ ಹುಡುಗರು ಏದುಸಿರು ಬಿಡಬಹುದು. ಮೈಕ್ ಇದ್ದಿದ್ದರೆ ಈ ಅರ್ಧ ವಿದ್ಯೆ ನಡೆಯುತ್ತಲೇ ಇರಲಿಲ್ಲ.

ಟ್ರಿಕ್ಕು ಮತ್ತು ಕತೆ ಒಂದಕ್ಕೊಂದು ಬೆಸೆದುಕೊಂಡ ಚಿತ್ರ ಯಾವುದೆಂದರೆ ನನ್ನ ಮಟ್ಟಿಗೆ 1966ರ 'ಒಪೆರಾತ್ಸಿಯೋನೆ ಪೌರಾ'. ಚೆಂಡಾಡುವ ಪುಟ್ಟ ಹುಡುಗಿಯ ದೆವ್ವ ಒಂದು ಹಳ್ಳಿಯನ್ನು ಕಾಡುತ್ತದೆ. ಹೊರಾಂಗಣ ರೋಮಿನ ಉತ್ತರಕ್ಕಿರುವ ಕಲ್ಕಾತಾ ಎಂಬ ಬಂಡೆಯ ಮೇಲಿನ ಹಳೇ ಊರು. ಆ ಹುಡುಗಿಯ ವೇಷ ಹಾಕಿದ್ದು ಒಬ್ಬ ಹುಡುಗ. ಮುಖ ನೋಡಿದಾಗ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ಇದೇ ಚಿತ್ರದಲ್ಲಿ ನಾಯಕ ಒಬ್ಬನನ್ನು ಅಟ್ಟಿಸಿಕೊಂಡು ಬಾಗಿಲು ದಾಟಿ ಕೋಣೆಗೆ ನುಗ್ಗುತ್ತಾನೆ, ಎದುರಿನ ಬಾಗಿಲು ದಾಟಿದರೆ ಮತ್ತೆ ಅದೇ ಕೋಣೆ. ಮತ್ತೆ ದಾಟಿದರೆ ಮತ್ತೆ ಅದೇ. ಅಂತರ ಕಡಿಮೆಯಾಗುತ್ತ ಆಗುತ್ತ ಮುಂದಿನವನ ಭುಜ ಹಿಡಿದು ತಿರುಗಿಸಿದರೆ ಅದು ತಾನೇ.

ಇದಕ್ಕೆ ಬೇಕಾದದ್ದು ಎರಡು ಬಾಗಿಲಿನ ಒಂದು ಕೋಣೆ. ಎಡದಿಂದ ಒಳಗೆ, ಬಲದಿಂದ ಹೊರಗೆ, ಕಟ್, ಮತ್ತೆ ಎಡದಿಂದ ಒಳಗೆ. ಕ್ಯಾಮೆರಾ ಒಂದೇ ಪಕ್ಕದಲ್ಲಿರಬೇಕು, ದಾಟಿ ಆಚೆ ಹೋದರೆ ಓಟದ ದಿಕ್ಕು ಉಲ್ಟಾ ಆಗಿ ಅವನು ವಾಪಸ್ಸು ಬಂದಂತಾಗುತ್ತದೆ. ಮುಂದೆ ಓಡುವವನಿಗೆ ಅದೇ ಅಳತೆಯ ಕೋಟು ಹಾಕಿದ ಬೆನ್ನು ಸಾಕು. ಮುಖ ತಿರುಗುವಾಗ ಕಟ್ ಮಾಡಿ ನಿಜವಾದ ನಟನನ್ನು ಇಡಬಹುದು. ಬೇರೆ ಯಾರಾದರೂ ದುಡ್ಡು ಸಾಲದೆ ಒಂದೇ ಕೋಣೆಯನ್ನು ಆರು ಕೋಣೆಯೆಂದು ತೋರಿಸಿ ಪರದೆ ಬದಲಿಸುತ್ತಿದ್ದರು. ಬಾವಾ ಪರದೆ ಬದಲಿಸಲಿಲ್ಲ. ಒಂದೇ ಕೋಣೆ ಎಂಬುದನ್ನೇ ಭಯ ಮಾಡಿದ. ಚೆಂಡಿನ ಹುಡುಗಿ ಎರಡು ವರ್ಷದ ಮೇಲೆ ಫೆಲಿನಿಯ 'ತೋಬಿ ದಮ್ಮಿತ್'ನಲ್ಲಿ ಸೈತಾನನಾಗಿ ಮತ್ತೆ ಬಂದಳು.

ದೋಷಗಳನ್ನು ಮುಚ್ಚಿಡಬಾರದು. ಬಾವಾನಿಗೆ ಕತೆಯ ಗೊಡವೆ ಕಡಿಮೆ. ಯಾರು ಕೊಂದರು ಎಂಬುದಕ್ಕಿಂತ ಯಾವ ಬೆಳಕಿನಲ್ಲಿ ಕೊಂದರು ಎಂಬುದೇ ಅವನಿಗೆ ಮುಖ್ಯ. ಅರ್ಧ ಚಿತ್ರಗಳಲ್ಲಿ ಮಾತು ಮರದ ತುಂಡು. ಎಪ್ಪತ್ತರ ದಶಕದಲ್ಲಿ ಝೂಮ್ ಎಂಬ ಪಿಡುಗು ಬೇರೆ ಹತ್ತಿಕೊಂಡಿತು. ಟ್ರಾಲಿ ಹಳಿ ಹಾಕಲು ಅರ್ಧ ಗಂಟೆ ಬೇಕು, ಝೂಮಿಗೆ ಬೆರಳು ಸಾಕು ಎಂಬುದು ನಿಜ. ಆದರೆ ಟ್ರಾಲಿ ಮುಂದೆ ಹೋದಾಗ ಹತ್ತಿರದ ವಸ್ತು ಬೇಗ, ದೂರದ್ದು ನಿಧಾನ ಸರಿದು ಜಾಗದ ಆಳ ತಿಳಿಯುತ್ತದೆ. ಝೂಮಿನಲ್ಲಿ ಎಲ್ಲವೂ ಒಟ್ಟಿಗೆ ಹಿಗ್ಗುತ್ತದೆ, ಆಳ ಸಾಯುತ್ತದೆ. ಆಳವನ್ನೇ ಉಸಿರಾಡಿದವನು ಈ ಗೀಳಿಗೆ ಬಿದ್ದದ್ದು ನೋಡಲು ಬೇಸರ. 1971ರ 'ರೆಯಾತ್ಸಿಯೋನೆ ಅ ಕತೇನಾ'ದಲ್ಲಿ ಹದಿಮೂರು ಕೊಲೆಗಳ ನಡುವೆ ಅದೆಷ್ಟು ಝೂಮು! ಅದೇ ಚಿತ್ರದಲ್ಲಿ ಮರವೇ ಸರಿಯಾಗಿಲ್ಲದ ಕಡೆ ನಾಲ್ಕು ಕೊಂಬೆಗಳನ್ನು ಲೆನ್ಸಿನ ಮುಂದೆ ಆಡಿಸಿ ದಟ್ಟ ಕಾಡು ಮಾಡಿದವನೂ ಅವನೇ.

ಆಮೇಲೆ ಎರಡು ಪೆಟ್ಟು. ಮನಸ್ಸಿಟ್ಟು ಮಾಡಿದ 'ಲೀಸಾ ಎ ಇಲ್ ದಿಯಾವೋಲೋ' 1973ರಲ್ಲಿ ಕಾನ್‌ನಲ್ಲಿ ಪ್ರದರ್ಶನ ಕಂಡರೂ ಕೊಳ್ಳುವವರು ಸಿಗಲಿಲ್ಲ; ಅಮೆರಿಕದಲ್ಲಿ ದೆವ್ವ ಬಿಡಿಸುವ ಚಿತ್ರಗಳ ಅಲೆ ಎದ್ದಾಗ ಅದಕ್ಕೆ ಪಾದ್ರಿಯ ಹೊಸ ದೃಶ್ಯಗಳನ್ನು ಹೊಲಿದು ಬೇರೆ ಹೆಸರಿನಲ್ಲಿ ಬಿಟ್ಟರು. ಮರುವರ್ಷದ 'ಕಾನಿ ಅರ್ರಬ್ಬಿಯಾತಿ'ಯಲ್ಲಿ ಒಂದೂ ಟ್ರಿಕ್ಕಿಲ್ಲ. ಓಡುವ ಕಾರೊಳಗೆ ಮೂವರು ದರೋಡೆಕೋರರು, ಒತ್ತೆಯಾಳು ಹೆಂಗಸು, ಚಾಲಕ, ಅವನ ಕಾಯಿಲೆಯ ಮಗು. ಬೆವರು, ಬಿಸಿಲು, ಬೈಗುಳ. ಹಿಂದೆ ಪರದೆ ಹಾಕಿ ರಸ್ತೆ ಓಡಿಸುವ ವಿದ್ಯೆ ಅಂಗೈಯಲ್ಲಿದ್ದವನು ನಿಜವಾದ ಕಾರಿನಲ್ಲಿ, ನಿಜವಾದ ಹೆದ್ದಾರಿಯಲ್ಲಿ ಚಿತ್ರ ತೆಗೆದ. ನಿರ್ಮಾಪಕ ದಿವಾಳಿಯಾಗಿ ಫಿಲ್ಮಿನ ಡಬ್ಬಿಗಳು ಜಪ್ತಿಯಾದವು. ಜನರ ಕಣ್ಣಿಗೆ ಬಿದ್ದದ್ದು 1990ರ ದಶಕದಲ್ಲಿ, ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ.

1980ರಲ್ಲಿ ತೆರೆಕಂಡ ದಾರಿಯೋ ಅರ್ಜೆಂತೋನ 'ಇನ್ಫೆರ್ನೋ' ಚಿತ್ರಕ್ಕೆ ನ್ಯೂಯಾರ್ಕಿನ ಕಟ್ಟಡಗಳನ್ನು ಮಾಡಿಕೊಟ್ಟದ್ದೂ ಬಾವಾನೇ, ಹಾಲಿನ ಖಾಲಿ ಪೆಟ್ಟಿಗೆಗಳಿಗೆ ಕಿಟಕಿಗಳ ಫೋಟೋ ಅಂಟಿಸಿ. ಆ ಏಪ್ರಿಲ್‌ನಲ್ಲಿ ರೋಮಿನಲ್ಲಿ ಹೃದಯಾಘಾತದಿಂದ ತೀರಿಕೊಂಡ, 65 ವರ್ಷ. ಮಗ ಲಂಬೆರ್ತೋ ಅದೇ ಚಿತ್ರದ ಸಹಾಯಕ ನಿರ್ದೇಶಕನಾಗಿದ್ದ, ಮುಂದೆ ತಾನೂ ಭಯಾನಕ ಚಿತ್ರಗಳನ್ನು ಮಾಡಿದ.

ಚಿತ್ರಮಂದಿರಕ್ಕೆಂದು ಬಾವಾ ಕೊನೆಗೆ ನಿರ್ದೇಶಿಸಿದ್ದು 1977ರ 'ಶಾಕ್', ಲಂಬೆರ್ತೋನ ಜೊತೆಗೂಡಿ. ಅದರಲ್ಲೊಂದು ಶಾಟ್ ಇದೆ. ಓಣಿಯ ಆ ತುದಿಯಿಂದ ಪುಟ್ಟ ಹುಡುಗ ಅಮ್ಮನತ್ತ ಓಡಿ ಬರುತ್ತಾನೆ. ಬಂದು ತಲುಪುವ ಕ್ಷಣದಲ್ಲಿ ಅವನ ಜಾಗದಲ್ಲಿ ಸತ್ತ ಗಂಡ ನಿಂತಿದ್ದಾನೆ. ಕಟ್ ಇಲ್ಲ, ಲ್ಯಾಬಿನ ಕೆಲಸವಿಲ್ಲ, ಗಾಜೂ ಇಲ್ಲ. ಹುಡುಗ ದೂರದಲ್ಲಿದ್ದಾಗ ಅಡಿಯಿಂದ ಮುಡಿಯವರೆಗೆ ಕಾಣುತ್ತಾನೆ. ಹತ್ತಿರ ಬಂದಂತೆ ಫ್ರೇಮಿನ ಕೆಳ ಅಂಚು ಅವನನ್ನು ನುಂಗುತ್ತ ಬರುತ್ತದೆ, ಏಕೆಂದರೆ ಕ್ಯಾಮೆರಾ ದೊಡ್ಡವರ ಎದೆಯ ಎತ್ತರದಲ್ಲಿದೆ. ಅಂಚಿನ ಕೆಳಗೆ ಗಂಡನ ಪಾತ್ರಧಾರಿ ಮೊದಲೇ ಕುಕ್ಕರುಗಾಲಿನಲ್ಲಿ ಕೂತಿದ್ದಾನೆ. ಹುಡುಗ ಕೆಳಗೆ ಜಾರುತ್ತಾನೆ, ಅವನು ಮೇಲೆ ಏಳುತ್ತಾನೆ. ಕಾಲು ಸೆಕೆಂಡ್ ಎಂದರೆ ಆರು ಫ್ರೇಮು; ಅಷ್ಟು ತಡವಾದರೆ ನಡುವೆ ಖಾಲಿ ಓಣಿ ಕಾಣುತ್ತದೆ, ಅಷ್ಟು ಮುಂಚೆ ಎದ್ದರೆ ಇಬ್ಬರೂ ಕಾಣುತ್ತಾರೆ. ದೀಪ ಕ್ಯಾಮೆರಾದ ಹಿಂದಿನಿಂದ ಬಿದ್ದರೆ ಕೂತವನ ನೆರಳು ಮೊದಲೇ ಗೋಡೆಯ ಮೇಲೆ ಗುಟ್ಟು ಹೇಳಿಬಿಡುತ್ತದೆ, ಹಾಗಾಗಿ ಅದು ಎದುರಿನಿಂದ, ಎತ್ತರದಿಂದ ಬರಬೇಕು. ಒಬ್ಬ ಹುಡುಗ, ಒಬ್ಬ ಗಂಡಸು, ಫ್ರೇಮಿನ ಕೆಳಗಿನ ಒಂದು ಗೆರೆ. ಹೇಗೆ ಮಾಡಿದ್ದೆಂದು ಗೊತ್ತಿದ್ದೂ ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.